ಪಿಸಿಎ ಮೊದಲೋ, ಕ್ಲಸ್ಟರ್ ಮೊದಲೋ?

ಬದಿಯಡ್ಕದ ಎಂಕಾಂ:
ನಮಗೆ ಈ ಸಲ ಮಲ್ಟಿವೇರಿಯೇಟ್ (ಹಲವು ಅಳತೆಗಳನ್ನು ಒಟ್ಟಿಗೆ ನೋಡುವ ಸ್ಟ್ಯಾಟಿಸ್ಟಿಕ್ಸ್) ಪೇಪರ್ ಇದೆ. ಪ್ರಾಜೆಕ್ಟಿಗೆ ಮಾವನ ಅಡಿಕೆ ಅಂಗಡಿಯ ಲೆಕ್ಕ ಸಿಕ್ಕಿದೆ. ಯಾವ ಕೃಷಿಕರು ಹೊಸತು, ಹಳತು, ಪಟೋರ, ಕರಿಗೋಟು ಅಂತ ನಾಲ್ಕು ಬಗೆಯ ಅಡಿಕೆ ಎಷ್ಟೆಷ್ಟು ಕಿಲೋ ತಂದರು, ಒಟ್ಟು ಎಷ್ಟು, ಎಷ್ಟು ರೂಪಾಯಿ ಕೊಟ್ಟದ್ದು, ಎಲ್ಲ ಉಂಟು. ಒಂದೇ ಥರದವರು ಒಟ್ಟಿಗೆ ಬರುವ ಹಾಗೆ ಅವರನ್ನು ಗುಂಪು (ಕ್ಲಸ್ಟರ್) ಮಾಡಬೇಕು. ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್, ಹಲವು ಕಾಲಂಗಳನ್ನು ಕೆಲವೇ ಕಾಂಪೊನೆಂಟಿಗೆ ಇಳಿಸುವುದು) ಮಾಡಿದರೆ ಮೊದಲ ಕಾಂಪೊನೆಂಟಲ್ಲಿ ಬರೀ ರೂಪಾಯಿಯೇ ಕಾಣುತ್ತದೆ. ಯಾಕೆ?

ಕುಂಬಳೆ ಲೆಕ್ಕಿಗ:
ರೂಪಾಯಿ ಲಕ್ಷದಲ್ಲಿ, ಕಿಲೋ ನೂರರಲ್ಲಿ, ಮತ್ತೆ ಇನ್ನೇನು ಕಾಣಬೇಕು ಮಾರಾಯ್ರೇ! ಪಿಸಿಎ ಹುಡುಕುವುದೇ ಜಾಸ್ತಿ ವೇರಿಯನ್ಸ್ (ಏರಿಳಿತ) ಇರುವ ದಿಕ್ಕನ್ನು. ಅಳತೆಯ ಯೂನಿಟ್ ಹಾಗೇ ಉಳಿಯುವ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಬಿಡಿ, ಎಲ್ಲ ಕಾಲಮನ್ನೂ ಒಂದೇ ಸ್ಕೇಲಿಗೆ ತರುವ ಕೋರಿಲೇಶನ್ ಮ್ಯಾಟ್ರಿಕ್ಸ್ ತಗೊಳ್ಳಿ.

ಮಂಜೇಶ್ವರ ಮೇಷ್ಟ್ರು:
ಅದು ಸರಿ, ಆದರೆ ಇನ್ನೊಂದು ಉಂಟು. ನಾಲ್ಕು ಬಗೆ ಕೂಡಿಸಿದರೆ ಒಟ್ಟು ಬರುತ್ತದೆ ಅಲ್ವಾ, ಆ ಕಾಲಂ ಹೊಸ ವಿಷಯ ಏನೂ ಹೇಳುವುದಿಲ್ಲ, ಸುಮ್ನೆ ಮ್ಯಾಟ್ರಿಕ್ಸಿಗೆ ಇನ್ವರ್ಸ್ (ಸಂಖ್ಯೆಗೆ ಒಂದನ್ನು ಭಾಗಿಸಿದ ಹಾಗೆ, ಅದರ ವಿಲೋಮ) ಇಲ್ಲದ ಹಾಗೆ ಮಾಡುತ್ತದೆ. ಇಬ್ಬರು ಕೃಷಿಕರು ಎಷ್ಟು ಬೇರೆ ಅಂತ ಅಳೆಯಲು ಸ್ಟ್ಯಾಟಿಸ್ಟಿಕ್ಸಿನ ಮಹಲನೋಬಿಸ್ 1936ರಲ್ಲಿ ಕೊಟ್ಟ ದೂರದ ಅಳತೆ ಬಳಸುವುದಾದರೆ ಆ ಇನ್ವರ್ಸೇ ಬೇಕು. ಒಟ್ಟು ತೆಗೆಯಿರಿ. ಇಲ್ಲದಿದ್ದರೆ ಒಟ್ಟು ಇಟ್ಟುಕೊಂಡು ಒಂದು ಬಗೆ ಬಿಡಿ.
ಪಿಸಿಎ ಮೊದಲು ಮಾಡಲೇಬೇಕು ಅಂತ ಇಲ್ಲ. ನಿಮ್ಮಲ್ಲಿರುವುದು ನಾಲ್ಕೈದು ಕಾಲಂ, ಸ್ಕೇಲ್ ಸರಿಮಾಡಿ ನೇರ ಕ್ಲಸ್ಟರ್ ಮಾಡಿ.

ಬದಿಯಡ್ಕದ ಎಂಕಾಂ:
ಕ್ಲಸ್ಟರ್ ಬದಲು ಡಿಸ್ಕ್ರಿಮಿನೆಂಟ್ (ಯಾರು ಯಾವ ಗುಂಪು ಅಂತ ಬೇರ್ಪಡಿಸುವ ಲೆಕ್ಕ) ಆಗುವುದಿಲ್ಲವಾ ಸರ್?

ಮಂಜೇಶ್ವರ ಮೇಷ್ಟ್ರು:
ಅದಕ್ಕೆ ಗುಂಪು ಮೊದಲೇ ಗೊತ್ತಿರಬೇಕು. ಖಾಯಂ ಬರುವವರು, ಬಿಟ್ಟುಹೋದವರು ಅಂತ ಮಾವ ಗುರುತು ಹಾಕಿ ಕೊಟ್ಟರೆ ಮಾಡಬಹುದು.