ಕೆರೆ ಹೂಳಿನಲ್ಲಿ ಮೈಕ್ರೋಪ್ಲಾಸ್ಟಿಕ್: ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ಒಣಗಿಸಿದ ಹೂಳನ್ನು ಸ್ಯಾಚುರೇಟೆಡ್ (ಇನ್ನು ಉಪ್ಪು ಕರಗದಷ್ಟು ಗಾಢ) ಉಪ್ಪುನೀರಲ್ಲಿ ಕಲಕಿ ಬಿಟ್ಟರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಮಾತ್ರ ತೇಲುತ್ತಿವೆ. ನೈಲ್ ರೆಡ್ (ಪ್ಲಾಸ್ಟಿಕ್ ಹೊಳೆಯುವಂತೆ ಮಾಡುವ ಬಣ್ಣ) ಹಾಕಿದರೆ ಫಿಲ್ಟರ್ ಪೂರ್ತಿ ಹೊಳೆಯುತ್ತದೆ. ಏನು ಮಾಡಲಿ?

ಉತ್ತರ 1: ಉಪ್ಪುನೀರಿನ ಸಾಂದ್ರತೆ ಘನ ಸೆಂ.ಮೀ.ಗೆ 1.2 ಗ್ರಾಂ, ಪಿಇಟಿಯದು ಸುಮಾರು 1.38. ಮುಳುಗದೆ ಇನ್ನೇನು? ಜಿಂಕ್ ಕ್ಲೋರೈಡ್ ದ್ರಾವಣ 1.6ಕ್ಕೆ ಮಾಡಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ. ಚರ್ಮ ಸುಡುತ್ತದೆ, ಗ್ಲೌಸ್ ಬೇಕು. ಸಿಂಕಿಗೆ ಸುರಿಯಬೇಡಿ, ಸೋಸಿದರೆ ಮತ್ತೆ ಬಳಕೆಗೆ ಬರುತ್ತದೆ.

ಉತ್ತರ 2: ಹೊಳೆಯುತ್ತಿರುವುದು ಬಹುಪಾಲು ಜೈವಿಕ ಕಸ. ಮೊದಲು ಅದನ್ನು ಕರಗಿಸಿ: 0.05 ಮೋಲಾರ್ ಫೆರಸ್ ಸಲ್ಫೇಟ್ 20 ಮಿ.ಲೀ., 30% ಹೈಡ್ರೋಜನ್ ಪೆರಾಕ್ಸೈಡ್ 20 ಮಿ.ಲೀ. ಐದು ನಿಮಿಷ ಬಿಟ್ಟು 75 ಡಿಗ್ರಿಗೆ ಕಾಯಿಸಿ. ಉಕ್ಕತೊಡಗಿದರೆ ಶುದ್ಧ ತಣ್ಣೀರು ಹಾಕಿ. ಪಿಇಟಿ ನೈಲ್ ರೆಡ್‌ನಲ್ಲಿ ಮಂಕು, ಎಫ್‌ಟಿಐಆರ್‌ನಲ್ಲೇ (ಇನ್ಫ್ರಾರೆಡ್ ಬೆಳಕಿನಿಂದ ಪ್ಲಾಸ್ಟಿಕ್ ಗುರುತಿಸುವ ಉಪಕರಣ) ಖಚಿತಪಡಿಸಿ.

ಉತ್ತರ 3: ಬ್ಲ್ಯಾಂಕ್ (ಹೂಳು ಹಾಕದೆ ಮಾಡುವ ಇದೇ ಪರೀಕ್ಷೆ) ಇಟ್ಟಿದ್ದೀರಾ? ಪಾಲಿಯೆಸ್ಟರ್ ಅಂಗಿಯ ನಾರು ಗಾಳಿಯಲ್ಲೇ ಬಂದು ಬೀಳುತ್ತದೆ. ಹತ್ತಿ ಕೋಟ್ ಹಾಕಿ, ಬೀಕರ್‌ಗೆ ಫಾಯಿಲ್ ಮುಚ್ಚಿ.