ನಾಲ್ಕು ತಿಂಗಳಿನಿಂದ ಪಿತ್ತಗಂದೆ: ಇಂಜೆಕ್ಷನ್ ಹಾಕಿಸಿಕೊಂಡವರು ಅನುಭವ ತಿಳಿಸಿ

ಬ್ರಹ್ಮಾವರದ ತಾಯಿ:
ಮಗಳಿಗೆ 19 ವರ್ಷ. ನಾಲ್ಕು ತಿಂಗಳಿನಿಂದ ದಿನಾ ಸಂಜೆ ಮೈಮೇಲೆ ಗಂದೆ ಏಳುತ್ತದೆ, ಬೆಳಿಗ್ಗೆ ಇರುವುದಿಲ್ಲ. ವೈದ್ಯರು ಅಲರ್ಜಿ ಮಾತ್ರೆಯನ್ನು ಹಂತ ಹಂತವಾಗಿ ದಿನಕ್ಕೆ ನಾಲ್ಕಕ್ಕೆ ಏರಿಸಿದರೂ ನಿಂತಿಲ್ಲ. ಈಗ ಒಮಾಲಿಜುಮಾಬ್ ಇಂಜೆಕ್ಷನ್ ಎನ್ನುತ್ತಿದ್ದಾರೆ. ಅತ್ತೆಯವರು ಮೀನು, ಗುಳ್ಳ ಬದನೆ ಎರಡನ್ನೂ ನಂಜು ಎಂದು ನಿಲ್ಲಿಸಿದ್ದಾರೆ. ಏನು ಮಾಡಲಿ?

ಸುರತ್ಕಲ್‌ನಿಂದ:
ಇಂಜೆಕ್ಷನ್ ವಿಷಯ ನನಗೆ ಗೊತ್ತಿಲ್ಲ, ದುಡ್ಡು ಎಲ್ಲಿ ಸೋರುತ್ತದೆ ಎಂಬುದು ಗೊತ್ತು. ನನಗೆ 2021ರ ಮಳೆಗಾಲದಲ್ಲಿ ಶುರುವಾಯಿತು. ಮೊದಲು ಮಾಡಿಸಿದ್ದೇ ರಕ್ತದ ಅಲರ್ಜಿ ಪರೀಕ್ಷೆ, 9,800 ರೂಪಾಯಿ. ಐದು ಪುಟದ ವರದಿ. ಸಿಗಡಿ, ಗೋಧಿ, ನೆಲಗಡಲೆ, ಬದನೆ, ಮನೆಯ ಧೂಳು ಎಲ್ಲದರ ಮುಂದೆಯೂ ಕೆಂಪು ಗುರುತು. ಹನ್ನೊಂದು ತಿಂಗಳು ಗಂಜಿ ಮತ್ತು ಹೆಸರುಬೇಳೆ ತೊವ್ವೆಯಲ್ಲೇ ಕಳೆದೆ. ತೂಕ 64 ಕಿಲೋದಿಂದ 55ಕ್ಕೆ ಇಳಿಯಿತು. ತಂಗಿಯ ಮದುವೆಯ ಊಟಕ್ಕೂ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದೆ. ಗಂದೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಕೊನೆಗೆ ಇನ್ನೊಬ್ಬ ಚರ್ಮವೈದ್ಯರು ವರದಿಯನ್ನು ಮಡಚಿಟ್ಟು ಕೇಳಿದರು: "ಗೋಧಿ ಬಿಟ್ಟಾಗ ಕಡಿಮೆಯಾಯಿತೇ? ತಿಂದಾಗ ಹೆಚ್ಚಾಗಿತ್ತೇ?" ಎರಡೂ ಇಲ್ಲ. ಆ ವಸ್ತುವಿನ ವಿರುದ್ಧ ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಇದೆ ಎಂದಷ್ಟೇ ವರದಿ ಹೇಳುತ್ತದೆ, ಗಂದೆಗೆ ಅದೇ ಕಾರಣ ಎಂದಲ್ಲ. ಆರು ವಾರ ದಾಟಿದ ಗಂದೆಗೆ ಆಹಾರದ ಅಲರ್ಜಿ ಕಾರಣವಾಗುವುದು ಅಪರೂಪ. ಇಷ್ಟನ್ನು ಮೊದಲೇ ಒಬ್ಬರು ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಕಾಪುವಿನಿಂದ:
ಅಷ್ಟೆಲ್ಲ ಖರ್ಚು ಯಾಕೆ ಮಾರಾಯರೇ? ನನಗೆ ಹಲ್ಲು ಕೀಳಿಸಿದ ಮೂರನೇ ದಿನ ಮೈಯೆಲ್ಲ ಎದ್ದಿತ್ತು. ಆಂಟಿಬಯೋಟಿಕ್, ನೋವಿನ ಮಾತ್ರೆ ಎರಡನ್ನೂ ಬಿಟ್ಟೆ. ಅಮ್ಮ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು ಕುಡಿಸಿ, ಅದನ್ನೇ ಮೈಗೆ ಹಚ್ಚಿ, ಕಂಬಳಿ ಹೊದಿಸಿದರು. ಒಂಬತ್ತು ದಿನಕ್ಕೆ ಪೂರ್ತಿ ಗುಣ. ಇವತ್ತಿನವರೆಗೆ ಮತ್ತೆ ಬಂದಿಲ್ಲ.

ಮಲ್ಲಿಕಟ್ಟೆಯಿಂದ:
ಕಾಪುವಿನವರೇ, ನಿಮ್ಮದು ಹೋದದ್ದು ಮಾತ್ರೆ ಬಿಟ್ಟದ್ದರಿಂದ. ಅದು ತಾತ್ಕಾಲಿಕ ಗಂದೆ. ನೆಪ ಹೋದರೆ ತಾನೂ ಹೋಗುತ್ತದೆ. ನಮ್ಮದು ಆ ಜಾತಿಯದ್ದಲ್ಲ. ಚರ್ಮದಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳಲ್ಲಿ, ತುರಿಕೆ ಮತ್ತು ಊತ ತರುವ ಹಿಸ್ಟಮಿನ್ ತುಂಬಿಕೊಂಡಿರುತ್ತದೆ. ಸಿಗಡಿ ಅಲರ್ಜಿ ಇದ್ದವರಲ್ಲಿ ಸಿಗಡಿಯ ಪ್ರೊಟೀನು ಆ ಕೋಶದ ಮೇಲೆ ಕುಳಿತ ಐಜಿಇಗೆ ತಗುಲಿದಾಗ ಹಿಸ್ಟಮಿನ್ ಹೊರಬರುತ್ತದೆ. ನಮ್ಮಂಥವರಿಗೆ ಹೊರಗಿನದೇನೂ ಬೇಡ. ಕೆಲವರಲ್ಲಿ ಐಜಿಇ ನಮ್ಮದೇ ಥೈರಾಯ್ಡ್ ಪ್ರೊಟೀನನ್ನು ಶತ್ರುವೆಂದು ಹಿಡಿಯುತ್ತದೆ. ಇನ್ನು ಕೆಲವರಲ್ಲಿ ಐಜಿಇಯ ಮೇಲೆಯೇ, ಅಥವಾ ಕೋಶದಲ್ಲಿ ಅದು ಕೂರುವ ಜಾಗದ (ರಿಸೆಪ್ಟರ್) ಮೇಲೆಯೇ ದೇಹ ಪ್ರತಿಕಾಯ ತಯಾರಿಸುತ್ತದೆ. ಇದಕ್ಕೆ ಕಂಬಳಿ ಏನು ಮಾಡೀತು?

ಐಜಿಇಯನ್ನೇ ಹಿಡಿದಿಡುವ ಈ ಇಂಜೆಕ್ಷನ್ ನಾನು ಹಾಕಿಸಿಕೊಂಡೆ. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ, 150ರ ಎರಡು ಚುಚ್ಚುಗಳು. ಒಂದು ಸರದಿಗೆ 38,500. ಆಸ್ಪತ್ರೆಯಲ್ಲಿ ದಾಖಲಾಗಲಿಲ್ಲವೆಂದು ವಿಮೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಮೊದಲ ಸರದಿಯಲ್ಲಿ ಏನೂ ಆಗದೆ ಅತ್ತುಬಿಟ್ಟಿದ್ದೆ. ಮೂರನೆಯದಾದ ಮೇಲೆ ಒಂದು ರಾತ್ರಿ ಕೆರೆಯದೆ ಮಲಗಿದೆ. ಒಟ್ಟು ಏಳು ಸರದಿ, 2,69,500. ನಿಲ್ಲಿಸಿ ಮೂರು ತಿಂಗಳಿಗೆ ಮತ್ತೆ ಬಂತು, ಮತ್ತೆ ಹಾಕಿಸಿಕೊಂಡೆ. ಬಳೆ ಮಾರಿದ್ದೇನೆ, ಬೇಸರವಿಲ್ಲ.

ಸುರತ್ಕಲ್‌ನಿಂದ:
ಬಳೆ ಇದ್ದವರು ಮಾರಬಹುದು. ನನ್ನದು ಎರಡೂವರೆ ವರ್ಷಕ್ಕೆ ಬರೀ ಮಾತ್ರೆಯಲ್ಲೇ ತಾನಾಗಿ ನಿಂತಿತು. ಎರಡೂವರೆ ಲಕ್ಷ ಕೊಟ್ಟೂ ಮತ್ತೆ ಬಂದದ್ದನ್ನು ಗುಣವಾಯಿತು ಎನ್ನುತ್ತೀರಾ?

ಮಲ್ಲಿಕಟ್ಟೆಯಿಂದ:
ಗುಣವಾಯಿತು ಎಂದು ನಾನು ಎಲ್ಲಿ ಬರೆದೆ? ನಿದ್ರೆ ಬಂತು ಎಂದೆ. ತುಟಿ ಊದಿದ ಮುಖ ಹೊತ್ತುಕೊಂಡು ತರಗತಿಯಲ್ಲಿ ಪಾಠ ಮಾಡಿದವಳು ನಾನು, ನೀವಲ್ಲ. ಇನ್ನೊಂದು ಮಾತು: ಒಟ್ಟು ಐಜಿಇ ತೀರಾ ಕಡಿಮೆ ಇರುವವರಿಗೆ ಈ ಮದ್ದು ತಡವಾಗಿ ನಾಟುತ್ತದೆ, ಅಥವಾ ಅಷ್ಟಾಗಿ ನಾಟುವುದಿಲ್ಲ. ಅದು ಒಂದೇ ಪರೀಕ್ಷೆ, ಐದು ಪುಟದ್ದಲ್ಲ.

ಕಂಕನಾಡಿಯಿಂದ:
ಸ್ಟೀರಾಯ್ಡ್ ಬಗ್ಗೆ ಒಬ್ಬರೂ ಬರೆದಿಲ್ಲವಲ್ಲ! ನಾನು ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದಲೇ ಐದು ತಿಂಗಳು ತಂದು ನುಂಗಿದೆ. ನುಂಗಿದ ದಿನ ಮೈ ಕನ್ನಡಿಯ ಹಾಗೆ, ಬಿಟ್ಟ ಮೂರನೇ ದಿನ ಮೊದಲಿಗಿಂತ ಇಮ್ಮಡಿ. ಮುಖ ದುಂಡಗಾಯಿತು, ಖಾಲಿ ಹೊಟ್ಟೆಯ ಸಕ್ಕರೆ 210 ಮುಟ್ಟಿತು. ಈಗ ಗಂದೆ ಇಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಉಳಿದಿದೆ.

ಆಮೇಲೆ ನಾನು ತೋರಿಸಿದ ವೈದ್ಯರು ಮಾಡಲು ಹೇಳಿದ್ದು ಇಷ್ಟು: ಸಂಜೆ ತೊಡೆಯ ಮೇಲೆ ಎದ್ದ ಒಂದು ಗಂದೆಯ ಸುತ್ತ ನೀಲಿ ಪೆನ್ನಿನಿಂದ ಗೆರೆ ಎಳೆಯಬೇಕು. ಬೆಳಿಗ್ಗೆ ನೋಡಿದೆ. ಗೆರೆ ಹಾಗೇ ಇದೆ, ಒಳಗೆ ಬರೀ ಚರ್ಮ. ಹೊಸ ಗಂದೆ ನಾಲ್ಕು ಬೆರಳು ಆಚೆ ಎದ್ದಿದೆ. 24 ಗಂಟೆ ಮೀರಿ ಅದೇ ಜಾಗದಲ್ಲಿ ಉಳಿದು, ನೋವಾಗಿ, ಕಂದು ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತ ಇರಬಹುದು, ಚರ್ಮದ ಚೂರು ತೆಗೆದು ಪರೀಕ್ಷಿಸಬೇಕು ಎಂದರು.

ಮಲ್ಪೆಯಿಂದ:
ಎಲ್ಲರ ಮನೆಯಲ್ಲೂ ಮೊದಲ ಅಪರಾಧಿ ಮೀನೇ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಮೀನು ಮುಟ್ಟದೆಯೂ ನನ್ನ ಹೆಂಡತಿಗೆ ದಿನಾ ಗಂದೆ ಏಳುತ್ತಿತ್ತು. ಇನ್ನು ಬಂಗುಡೆ ತಿಂದು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಉರಿಯುವುದೇ ಬೇರೆ. ಐಸ್ ಹಾಕದೆ ಇಟ್ಟ ಬಂಗುಡೆಯಲ್ಲೇ ಹಿಸ್ಟಮಿನ್ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಸಾಯುವುದಿಲ್ಲ. ಅದು ಅಲರ್ಜಿಯಲ್ಲ, ಕೆಟ್ಟ ಮೀನು. ಬಂದರಿನ ದಕ್ಕೆಯಿಂದ ಮಧ್ಯಾಹ್ನದ ಮೀನು ತಂದು ತಿಂದು ನಮ್ಮ ಕಡಲನ್ನು ಬೈಯಬೇಡಿ.

ಸುರತ್ಕಲ್‌ನಿಂದ:
ದಕ್ಕೆಯ ಮೀನಿಗೆ ಏನಾಗಿದೆ? ನಮ್ಮ ತಂದೆ ಮೂವತ್ತು ವರ್ಷ ಅಲ್ಲಿ ಐಸ್ ಹೊತ್ತವರು. ಮಾತು ಹಿಡಿತದಲ್ಲಿರಲಿ.

ಕಾಪುವಿನಿಂದ:
ನನ್ನ ಅಮ್ಮನ ಕಂಬಳಿಯನ್ನು ಹೀಗಳೆದವರು ಒಮ್ಮೆ ಆ ತುರಿಕೆಯಲ್ಲಿ ರಾತ್ರಿ ಕಳೆದು ನೋಡಲಿ. ಗುಣ ಮಾಡಿದ್ದು ಕಂಬಳಿಯೋ ಮಾತ್ರೆ ಬಿಟ್ಟದ್ದೋ, ಎರಡು ಗಂಟೆಗೆ ಎದ್ದು ಪಕ್ಕದಲ್ಲಿ ಕೂತವರು ಅಮ್ಮ.

ಮಲ್ಲಿಕಟ್ಟೆಯಿಂದ:
ಅಮ್ಮನನ್ನು ನಾನು ಏನೂ ಅನ್ನಲಿಲ್ಲ. ಆದರೆ ಬ್ರಹ್ಮಾವರದ ಹುಡುಗಿಗೆ ನಾಲ್ಕು ತಿಂಗಳಾಗಿದೆ, ಒಂಬತ್ತು ದಿನವಲ್ಲ.

ಬ್ರಹ್ಮಾವರದ ತಾಯಿ:
ಎಲ್ಲರಿಗೂ ಧನ್ಯವಾದ. ನಿನ್ನೆ ಮೊಣಕೈಯ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದೆವು, ಬೆಳಿಗ್ಗೆ ಒಳಗೆ ಏನೂ ಇರಲಿಲ್ಲ. ಆದರೆ ರಾತ್ರಿ ಮೇಲ್ತುಟಿ ಸ್ವಲ್ಪ ಊದಿತ್ತು.

ಕಂಕನಾಡಿಯಿಂದ:
ಅಕ್ಕಾ, ಗಂಟಲು ಬಿಗಿದರೆ, ಸ್ವರ ಬದಲಾದರೆ, ಉಸಿರು ಕಟ್ಟಿದಂತಾದರೆ ಬೆಳಗಾಗುವುದನ್ನು ಕಾಯಬೇಡಿ, ಕೂಡಲೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ನೋವಿನ ಮಾತ್ರೆ ಏನಾದರೂ ಕೊಟ್ಟಿದ್ದಿರಾ? ತಿಂಗಳ ಹೊಟ್ಟೆನೋವಿಗೆಂದು ತೆಗೆದುಕೊಳ್ಳುವ ಮಾತ್ರೆಯಿಂದಲೇ ನನಗೆ ತುಟಿ ಊದುತ್ತಿತ್ತು.

ಬ್ರಹ್ಮಾವರದ ತಾಯಿ:
ಹೌದು. ನಿನ್ನೆ ಮಧ್ಯಾಹ್ನ ಒಂದು ತೆಗೆದುಕೊಂಡಿದ್ದಳು. ಈಗಲೇ ವೈದ್ಯರಿಗೆ ಫೋನ್ ಮಾಡುತ್ತೇನೆ.

ಮಲ್ಪೆಯಿಂದ:
ಸುರತ್ಕಲ್‌ನವರೇ, ನಿಮ್ಮ ತಂದೆಯ ಬಗ್ಗೆ ನಾನು ಹೇಳಿದ್ದಲ್ಲ. ಐಸ್ ಹೊತ್ತವರ ಮೇಲೆ ತಪ್ಪಿಲ್ಲ, ಐಸ್ ಕರಗಿದ ಮೇಲೂ ಮಾರುವವರ ಮೇಲೆ ಇದೆ.