ಕೆಂಪು ಅಂಟು ಒಸರಿದರೆ ಹೊನ್ನೆಯೇ? ಮರ ಗುರುತು ಹಿಡಿದ ಅನುಭವ ಇದ್ದವರು ಹೇಳಿ

ಪ್ರಶ್ನೆ: ಗಾಳಿಗೆ ಎರಡು ಮರ ಉರುಳಿವೆ. ಒಂದರ ತೊಗಟೆಗೆ ಕತ್ತಿ ತಾಗಿಸಿದರೆ ಕೆಂಪು ಅಂಟು ಒಸರುತ್ತದೆ. ಇನ್ನೊಂದರದು ಮೊಸಳೆ ಬೆನ್ನಿನಂಥ ತೊಗಟೆ. ಆರಡಿ ಮೇಜಿಗೆ ಆಗುತ್ತವೆಯೇ?

ಬಾಚಿ: ಮೊದಲನೆಯದು ಹೊನ್ನೆ, ಅನುಮಾನವೇ ಬೇಡ. ಚೇಗಿನ (ಮರದ ಒಳಗಿನ ಗಟ್ಟಿ, ಬಣ್ಣದ ಭಾಗದ) ಹೊಟ್ಟನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿಯಿರಿ. ನೀರು ಕಂದು ಹಳದಿಯಾಗಿ ಅಂಚಿನಲ್ಲಿ ನೀಲಿ ಮಿನುಗುತ್ತದೆ. ಹೊರಗಿನ ಬಿಳಿ ಭಾಗದ ಹೊಟ್ಟು ಹಾಕಿ ಆಮೇಲೆ ನನ್ನನ್ನು ಬೈಯಬೇಡಿ.

ಕೀಸುಳಿ: ‘ಅನುಮಾನವೇ ಬೇಡ’ ಅನ್ನುವವರ ಮಾತು ನಂಬಿಯೇ ಮರ ಹಾಳಾಗುವುದು. ರಾಂಪತ್ರೆ ಜಾತಿಯೂ ಕೆಂಪಗೆ ಒಸರುತ್ತದೆ, ಮುತ್ತುಗವೂ ಒಸರುತ್ತದೆ. ರಾಂಪತ್ರೆಯದು ಬಿಡಿ ಎಲೆ, ಮುತ್ತುಗಕ್ಕೆ ಮೂರೇ ಎಲೆ. ಹೊನ್ನೆಗೆ ಒಂದೇ ಕಡ್ಡಿಯಲ್ಲಿ ಐದರಿಂದ ಏಳು ಕಿರುಎಲೆ, ತುದಿಯಲ್ಲಿ ಸಣ್ಣ ಕಚ್ಚು. ಬೀಟೆಯ ಎಲೆಯೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಕಾಯಿ ನೋಡದೆ ತೀರ್ಪು ಕೊಡಬಾರದು. ಬೀಟೆಯದು ಉದ್ದನೆಯ ತೆಳು ಕಾಯಿ. ಹೊನ್ನೆಯದು ದುಂಡಗೆ ಬಿಲ್ಲೆಯಂತೆ, ಬೀಜ ನಡುವೆ, ಸುತ್ತ ರೆಕ್ಕೆ.

ಬಾಚಿ: ಮುತ್ತುಗವನ್ನು ಮೇಜಿನ ಮಾತಿಗೆ ಯಾಕೆ ತಂದಿರಿ? ಅದರ ಹಲಗೆ ಯಾರು ಕೊಯ್ಸುತ್ತಾರೆ?

ಗರಗಸ: ನಿಮ್ಮ ಜಗಳ ಆಮೇಲೆ. ಎರಡನೆಯದು ಮತ್ತಿಯೇ ಆದರೆ ಅವಸರ ಅದರದ್ದು. ಎಲೆಯ ಅಡಿಯಲ್ಲಿ, ತೊಟ್ಟಿನ ಹತ್ತಿರ, ಒಂದೆರಡು ಗುಳ್ಳೆ ಇರುತ್ತವೆ. ಕಾಯಿಗೆ ಐದು ರೆಕ್ಕೆ. ಹೊಳೆಮತ್ತಿಗೂ ಐದು ರೆಕ್ಕೆ ಉಂಟು, ಆದರೆ ಅದರ ತೊಗಟೆ ನಯ, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮತ್ತಿಯ ದಿಮ್ಮಿಯನ್ನು ಬಿಸಿಲಿನಲ್ಲಿ ಬಿಟ್ಟರೆ ಕೂದಲೆಳೆಯಂಥ ಬಿರುಕು ಎದ್ದು ಒಳಕ್ಕೆ ಇಳಿಯುತ್ತವೆ. ಹಸಿ ಇರುವಾಗಲೇ, ಮಳೆಗಾಲದಲ್ಲೇ ಕೊಯ್ಸಿ. ಕೊಯ್ದ ದಿನವೇ ಎರಡೂ ತುದಿಗೆ ದಪ್ಪ ಬಣ್ಣ ಅಥವಾ ಮೇಣ. ಒಂದಿಂಚು ಹಲಗೆ ಬೇಕಾದರೆ ಒಂದೂಕಾಲು ಇಂಚು ಕೊಯ್ಸಿ. ಒಣಗಿ ಕುಗ್ಗುವುದು, ಸೊಟ್ಟ ತೆಗೆಯುವುದು, ಕೀಸುವುದು ಸೇರಿ ಆ ಕಾಲಿಂಚು ಹೋಗೇ ಹೋಗುತ್ತದೆ. ಆರಡಿಗೆ ಏಳಡಿ ಇಡಿ. ನೆರಳಿನಲ್ಲಿ ಹಲಗೆಗಳನ್ನು ಪೇರಿಸಿ, ನಡುವೆ ಒಂದಿಂಚಿನ ರೀಪರ್ (ಮರದ ಪಟ್ಟಿ) ಎರಡಡಿಗೊಂದರಂತೆ, ಒಂದರ ಮೇಲೊಂದು ನೇರ ಸಾಲಿನಲ್ಲಿ ಕೂರಿಸಿ. ಸಾಲು ತಪ್ಪಿದರೆ ಹಲಗೆ ಅಲ್ಲೇ ಬಾಗುತ್ತದೆ.

ಕೀಸುಳಿ: ಮತ್ತಿಗೆ ಉಳಿ ಸಾಣೆ ಹಿಡಿದೂ ಹಿಡಿದೂ ಸಾಕಾಗುತ್ತದೆ. ಮೇಜಿಗೆ ನಂದಿ ಮರ ಹುಡುಕಿ.

ಗರಗಸ: ಬಿದ್ದಿರುವುದು ಮತ್ತಿ! ಇಲ್ಲದ ನಂದಿ ಯಾಕೆ?

ತೂಕ: ಕೊಯ್ಸಿ ಆಗಿ ಎಲೆ, ಕಾಯಿ ಸಿಗದಿದ್ದರೆ 10×10×2 ಸೆಂ.ಮೀ. ತುಂಡನ್ನು ಒಣಗಿಸಿ ತೂಗಿ. ತೇಗ 130 ಗ್ರಾಂ ಆಸುಪಾಸು, ನಂದಿ 140, ಹೊನ್ನೆ 160, ಮತ್ತಿ 170ರ ಮೇಲೆ.

ಬಾಚಿ: ಹಸಿ ಹಲಗೆ ತೂಗಿದರೆ ತೇಗವೂ ಮತ್ತಿ ಆಗುತ್ತದೆ.

ತೂಕ: ‘ಒಣಗಿಸಿ’ ಅಂತ ಬರೆದಿದ್ದೇನೆ, ಓದಿ. ಹಲಗೆ ಒಣಗಿದೆಯೇ ಎಂದು ತಿಳಿಯಲು ಅದರಿಂದ ಬೇರೆ ದೊಡ್ಡ ತುಂಡು ಕತ್ತರಿಸಿ ತೂಗಿ, 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಇಡಿ. 460 ಗ್ರಾಂ ಇದ್ದದ್ದು 400ಕ್ಕೆ ನಿಂತರೆ ತೇವ ಒಣ ತೂಕದ ಶೇ. 15, ಹಲಗೆಗೆ ಇನ್ನೂ ಕಾಯಬೇಕು. ಶೇ. 12ಕ್ಕೆ ಇಳಿಯದೆ ಜೋಡಿಸಿದರೆ ಸಂದು ಬಿಡುತ್ತದೆ.

ಕೀಸುಳಿ: ಕಬ್ಬಿಣದ ಮೊಳೆ ಮಾತ್ರ ಹೊಡೆಯಬೇಡಿ. ಮತ್ತಿಯಲ್ಲಿ ಒಗರು ಜಾಸ್ತಿ, ಒದ್ದೆ ಬಟ್ಟೆ ತಾಗಿದರೂ ಮೊಳೆಯ ಸುತ್ತ ಕಪ್ಪು ಕಟ್ಟುತ್ತದೆ. ಹಿತ್ತಾಳೆ ಸ್ಕ್ರೂ ಹಾಕಿ.

ಬಾಚಿ: ಹಿತ್ತಾಳೆ ಸ್ಕ್ರೂ ಮತ್ತಿಯಲ್ಲಿ ಮುರಿಯುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಹತ್ತಿಸಿ ಬಿಚ್ಚಿ, ಆಮೇಲೆ ಹಿತ್ತಾಳೆಯದು.